ಕೊಡಗಿನ ಅಂಗಳಕ್ಕೆ ಗರಿಕೆಯೋ, ಕಾರ್ಪೆಟ್ ಹುಲ್ಲೋ?

ಕೊಡಗಿನಲ್ಲಿ ಹುಲ್ಲುಹಾಸಿಗೆ ನಿಜವಾದ ಪರೀಕ್ಷೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲ, ಜನವರಿಯಿಂದ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ಒಣ ದಿನಗಳು. ತೋಟಕ್ಕೇ ನೀರು ಸಾಲದಿರುವಾಗ ಹುಲ್ಲಿಗೆ ಪೈಪ್ ಹಿಡಿದರೆ ಮನೆಯಲ್ಲೇ ಜಗಳ.

ನರ್ಸರಿಗಳಲ್ಲಿ ಕಣ್ಣು ಸೆಳೆಯುವುದು ಅಗಲ ಎಲೆಯ ಕಾರ್ಪೆಟ್ ಹುಲ್ಲು. ಸಿಲ್ವರ್ ಓಕ್‌ನ ನೆರಳನ್ನೂ ನಮ್ಮ ಹುಳಿ ಮಣ್ಣನ್ನೂ ಅದು ಸಹಿಸುತ್ತದೆ. ಆದರೆ ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ನೀರು ತಪ್ಪಿದರೆ ಬೇಗ ಸೊರಗುತ್ತದೆ.

ಗರಿಕೆಯದು ಇದಕ್ಕೆ ತದ್ವಿರುದ್ಧ. ಒಂದು ಬುಡ ಅಗೆದು ನೋಡಿ: ಗೆಣ್ಣುಗೆಣ್ಣಾದ ಬಿಳಿಚಿದ ಕಾಂಡ ಮಣ್ಣಿನೊಳಗೆ ಅಡ್ಡಡ್ಡ ಹರಿದಿರುತ್ತದೆ. ಬೇಸಿಗೆಯಲ್ಲಿ ಎಲೆ ಕಂದಾದರೂ ಜೀವ ಅಲ್ಲಿ ಅಡಗಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಕಂದು ಬಣ್ಣ ಕಂಡು ಗಾಬರಿಯಾಗುವವರು ಇದನ್ನು ಬೆಳೆಸಬಾರದು. ನೆರಳನ್ನು ಇದು ಸಹಿಸದು. ಹೂವಿನ ಪಾತಿಗೆ ನುಗ್ಗುವ ದುರಭ್ಯಾಸವೂ ಇದೆ.

ಕೊರಿಯನ್ ಹುಲ್ಲು ಬರ ತಾಳುತ್ತದೆ, ಕತ್ತರಿಸುವ ಕೆಲಸವೂ ಕಡಿಮೆ. ಹರಡುವುದು ಮಾತ್ರ ಬಲು ನಿಧಾನ.

ಕುಶಾಲನಗರದ ಕಡೆಯ ಬಿಸಿಲಿನ ಅಂಗಳಕ್ಕೆ ನನ್ನ ಮತ ಗರಿಕೆಗೆ. ಮಡಿಕೇರಿಯ ಮರದಡಿಯ ಜಾಗಕ್ಕಾದರೆ ಕಾರ್ಪೆಟ್ ಹುಲ್ಲೇ ಸರಿ, ಅದೂ ನೀರು ಕೊಡಲು ಸಾಧ್ಯವಾಗುವಷ್ಟೇ ಜಾಗದಲ್ಲಿ. ಯಾವುದಾದರೂ ಸರಿ, ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಬೆಳಗ್ಗೆ ಆಳಕ್ಕೆ ಇಳಿಯುವಂತೆ ನೀರುಣಿಸಿ. ಬೇಸಿಗೆಯಲ್ಲಿ ಹುಲ್ಲನ್ನು ತುಸು ಎತ್ತರಕ್ಕೇ ಬಿಡಿ. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಇಳಿಜಾರಿನಲ್ಲಿ ಜುಲೈಯಲ್ಲಿ ನೆಟ್ಟರೆ ಕೊಚ್ಚಿಹೋಗುವ ಭಯವಿದೆ. ಸೆಪ್ಟೆಂಬರ್‌ನಲ್ಲಿ ನೆಟ್ಟರೆ ಬೇಸಿಗೆಯೊಳಗೆ ಬೇರು ಇಳಿದಿರುತ್ತದೆ.