ಬೆಳಗಿನ ರೈಲಿನ ಡಬ್ಬಿ: ಹುರಿಗಡಲೆ, ಕಡಲೆಬೀಜ, ಮೊಟ್ಟೆ, ಹುರಿಹಿಟ್ಟು – ಹಸಿವು ತಡೆದದ್ದು ಯಾವುದು?

ನಾನು ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕಾಲೇಜಿಗೆ ಹೋಗಿಬರುತ್ತೇನೆ. ಬೆಳಿಗ್ಗೆ 6 ಗಂಟೆಗೆ ಮನೆ ಬಿಡಬೇಕು. ಆ ಹೊತ್ತಿಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಲೋಟ ಕಾಫಿ ಕುಡಿದು ಸ್ಟೇಷನ್ನಿಗೆ ಓಡುತ್ತೇನೆ. ಮಧ್ಯಾಹ್ನದ ಊಟ 1.30ಕ್ಕೆ. ವಾಪಸ್ ಮನೆ ಸೇರುವಾಗ ಸಂಜೆ 7.30 ಆಗಿರುತ್ತದೆ. ಹೋದ ವರ್ಷದವರೆಗೆ ನಡುವೆ ಹೊಟ್ಟೆಗೆ ಬೀಳುತ್ತಿದ್ದದ್ದು ಬೇಕರಿಯ ಪಫ್ಸು, ಮೇಲೊಂದು ಟೀ. ದಿನಕ್ಕೆ ಹತ್ತಿರ ಹತ್ತಿರ 40 ರೂಪಾಯಿ.

ಒಂದು ದಿನ ಲ್ಯಾಬಿನಲ್ಲಿ ನಿಂತಲ್ಲೇ ಕಣ್ಣು ಕತ್ತಲೆ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10.2. ಗರ್ಭಿಣಿಯಲ್ಲದ ಹೆಂಗಸರಲ್ಲಿ ಇದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ನನ್ನೊಬ್ಬಳ ಕಥೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಜೊತೆಗೆ, "ಖಾಲಿ ಹೊಟ್ಟೆಯಲ್ಲಿ ಅಷ್ಟು ಹೊತ್ತು ಇರಬೇಡಮ್ಮ, ಏನಾದರೂ ಕೈಯಲ್ಲಿ ಇಟ್ಟುಕೋ" ಅಂದರು.

ಆ 'ಏನಾದರೂ' ಯಾವುದು ಅಂತ ತಿಳಿಯೋಕೆ ಆರು ವಾರ ಒಂದೊಂದನ್ನೇ ಡಬ್ಬಿಗೆ ಹಾಕಿ ನೋಡಿದೆ. ಪ್ರತಿಯೊಂದಕ್ಕೂ ಕೇಳಿದ್ದು ಒಂದೇ ನಾಲ್ಕು ಪ್ರಶ್ನೆ. ದಿನಕ್ಕೆ 20 ರೂಪಾಯಿ ದಾಟುತ್ತದಾ? ರಾತ್ರಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೆಲಸ ಇದೆಯಾ? ಬೆಳಿಗ್ಗೆ 6ಕ್ಕೆ ಬ್ಯಾಗಿಗೆ ಹಾಕಿದ್ದು ಸಂಜೆ 4ರವರೆಗೆ ಕೆಡದೆ ಇರುತ್ತದಾ? 10 ಗಂಟೆಗೆ ತಿಂದರೆ ಊಟದವರೆಗೆ ಹಸಿವು ತಡೆಯುತ್ತದಾ? ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನನಗೆ ಪ್ರಾಣ. ಆದರೆ ಅದಕ್ಕೆ ತಟ್ಟೆ ಬೇಕು, ಚಟ್ನಿ ಬೇಕು, ಕೂರೋಕೆ ಜಾಗ ಬೇಕು. ರೈಲಿನಲ್ಲಿ ನಿಂತುಕೊಂಡು ಹೋಗುವವರಿಗೆ ಆಗುವ ಮಾತಲ್ಲ. ಅದಕ್ಕೇ ಅದನ್ನು ಹೋಲಿಕೆಗೆ ತರಲಿಲ್ಲ.

ಮೊದಲ ಎರಡು ವಾರ ಹುರಿಗಡಲೆ ಮತ್ತು ಹುರಿದ ಕಡಲೆಬೀಜ. ಹೆಚ್ಚು ಹೊತ್ತು ಯೋಚನೆ ಮಾಡಿದ್ದೂ ಈ ಜೋಡಿಯ ಬಗ್ಗೆಯೇ. ಉತ್ತರ ಕರ್ನಾಟಕದವರು ಪುಟಾಣಿ, ಶೇಂಗಾ ಅನ್ನುತ್ತಾರಲ್ಲ, ಅವೇ ಇವು. ಅಂಗಡಿಯಲ್ಲಿ ತೂಗಿಸಿ ನೋಡಿದೆ, ನನ್ನ ಒಂದು ಹಿಡಿ ಸುಮಾರು 30 ಗ್ರಾಂ. ನಮ್ಮ ಬೀದಿಯಲ್ಲಿ ಹುರಿಗಡಲೆ ಕಿಲೋಗೆ 120 ರೂಪಾಯಿ, ಕಡಲೆಬೀಜ 160. ಅಂದರೆ ಒಂದು ಹಿಡಿಗೆ ನಾಲ್ಕು, ಐದು ರೂಪಾಯಿ ಅಷ್ಟೇ. ಆ ಒಂದು ಹಿಡಿ ಹುರಿಗಡಲೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಕಡಲೆಬೀಜದಲ್ಲಿ 7 ಗ್ರಾಂ ದಾಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕದಂತೆ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಐದು ರೂಪಾಯಿಗೆ ಅದರ ಏಳನೇ ಒಂದು ಭಾಗ ಸಿಗುವುದು ಸಣ್ಣ ಮಾತಲ್ಲ.

ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಎಣ್ಣೆ ಅಂಶ. ಕಡಲೆಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ. ಹುರಿಗಡಲೆಯಲ್ಲಿ ಅದು ತೀರಾ ಕಡಿಮೆ. ನಾಲಿಗೆಗೆ ಇದು ತಿಳಿಯದೆ ಇರಬಹುದು, ಹೊಟ್ಟೆಗೆ ಚೆನ್ನಾಗಿ ತಿಳಿಯುತ್ತದೆ. ಬರೀ ಹುರಿಗಡಲೆ ತಿಂದ ದಿನ 12 ಗಂಟೆಗೆಲ್ಲ ಮತ್ತೆ ಹಸಿವು. ಕಡಲೆಬೀಜ ತಿಂದ ದಿನ ಊಟದವರೆಗೆ ನೆನಪೇ ಇರಲಿಲ್ಲ. ಆದರೆ ಎರಡು ಹಿಡಿ ತಿಂದೆನೋ, 11ರ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತಿತ್ತು. ಹುರಿಗಡಲೆ ಎರಡು ಹಿಡಿ ತಿಂದರೆ ಹೊಟ್ಟೆ ಉಬ್ಬರ. ಬಾಯಿ ಬೇರೆ ಒಣಗುತ್ತದೆ, ನೀರಿನ ಬಾಟಲಿ ಪಕ್ಕದಲ್ಲೇ ಇರಬೇಕು.

ಎರಡನೇ ವಾರದ ಕೊನೆಗೆ ಎರಡನ್ನೂ ಬೆರೆಸಿದೆ. ಎರಡು ಪಾಲು ಹುರಿಗಡಲೆ, ಒಂದು ಪಾಲು ಕಡಲೆಬೀಜ, ಹೆಬ್ಬೆರಳಿನ ತುದಿಯಷ್ಟು ಬೆಲ್ಲ. ಹಸಿವೂ ತಡೆಯಿತು, ಹೊಟ್ಟೆ ಭಾರವೂ ಆಗಲಿಲ್ಲ. ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಜೇಬಿಗೆ ತುಂಬಿ ಕಳಿಸುತ್ತಿದ್ದದ್ದೇ ಇದು. ನಡುವೆ ಎಲ್ಲೋ ಬಿಟ್ಟುಬಿಟ್ಟಿದ್ದೆವು, ಅಷ್ಟೆ.

ಕಡಲೆಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೂಷ್ಟು ಹಿಡಿದ, ಸುಕ್ಕುಗಟ್ಟಿದ, ಕಹಿಯಾದ ಬೀಜ ಬಾಯಿಗೆ ಬಂದರೆ ಉಗಿದುಬಿಡಿ. ಅಂಥ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ. ಅದು ಲಿವರಿಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಸಡಿಲವಾಗಿ ಮಾರುವ ಬೀಜ ತಂದರೆ ಮನೆಯಲ್ಲಿ ಹರಡಿ, ಕೆಟ್ಟದ್ದನ್ನು ಆರಿಸಿ ತೆಗೆದೇ ಹುರಿಯುತ್ತೇವೆ. ಇನ್ನು ಬೇಕರಿಯಲ್ಲಿ ಸಿಗುವ ಕಾಂಗ್ರೆಸ್ ಕಡಲೆಕಾಯಿ. ರುಚಿಗೆ ಅದರ ಸಾಟಿ ಇಲ್ಲ. ಆದರೆ ಉಪ್ಪು ಖಾರ ಜಾಸ್ತಿ, ಒಂದು ಹಿಡಿಗೆ ಕೈ ನಿಲ್ಲುವುದಿಲ್ಲ. ಹಬ್ಬಕ್ಕೆ ಸರಿ, ದಿನಕ್ಕೆ ಬೇಡ. ಚಿಕ್ಕಿಯೂ ಅಷ್ಟೆ, ಅದರಲ್ಲಿ ಬೆಲ್ಲದ ಪಾಲು ದೊಡ್ಡದು. ಏಪ್ರಿಲ್ ಬಿಸಿಲಿಗೆ ಕರಗಿ ಕಾಗದಕ್ಕೆ ಅಂಟಿಕೊಂಡಿತು.

ಮೂರನೇ ವಾರ ಮೊಟ್ಟೆ ಮತ್ತು ಮೊಳಕೆ ಹೆಸರುಕಾಳು. ಯಾರನ್ನು ಕೇಳಿದರೂ ಮೊದಲು ಹೇಳುವುದು ಇವೆರಡನ್ನೇ. ನನಗೂ ಇವುಗಳ ಮೇಲೆ ತುಂಬಾ ನಂಬಿಕೆ ಇತ್ತು.

ಒಂದು ಬೇಯಿಸಿದ ಮೊಟ್ಟೆಗೆ 7 ರೂಪಾಯಿ, 6 ಗ್ರಾಂ ಪ್ರೋಟೀನ್. ನಾನು ತಿಂದ ಎಲ್ಲದರಲ್ಲೂ ಒಳ್ಳೆಯ ಪ್ರೋಟೀನ್ ಇದೇ, ಅನುಮಾನ ಇಲ್ಲ. ಕಾಳುಗಳ ಪ್ರೋಟೀನಿಗಿಂತ ಮೈಗೆ ಸುಲಭವಾಗಿ ಹತ್ತುತ್ತದೆ. ಎರಡು ಮೊಟ್ಟೆ ತಿಂದರೆ 1.30ರವರೆಗೆ ಗಟ್ಟಿ. ತೊಂದರೆ ಬಂದದ್ದು ಸಮಯದ ಲೆಕ್ಕದಲ್ಲಿ. ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಹೊರಗೆ ಇಡಬಾರದು, ಸೆಕೆಯಲ್ಲಂತೂ ಇನ್ನೂ ಬೇಗ ಕೆಡುತ್ತದೆ. 5.30ಕ್ಕೆ ಬೇಯಿಸಿದರೆ ಯಶವಂತಪುರದಲ್ಲಿ ಇಳಿದ ಕೂಡಲೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ತಿಂದು ಮುಗಿಸಬೇಕು. ಬೋಗಿಯೊಳಗೆ ಸಿಪ್ಪೆ ಸುಲಿಯಲು ನನಗೆ ಮನಸ್ಸಾಗಲಿಲ್ಲ. ಕಿಟಕಿ ಮುಚ್ಚಿದ ಬೋಗಿಯಲ್ಲಿ ವಾಸನೆ ಎಲ್ಲರಿಗೂ ಹೋಗುತ್ತದೆ. ಜೊತೆಗೆ ಬರುವ ಗೆಳತಿ ಮೊಟ್ಟೆ ತಿನ್ನುವುದಿಲ್ಲ, ಅವಳ ಪಕ್ಕದಲ್ಲಿ ಕೂತು ತಿನ್ನುವುದು ನನಗೇ ಸರಿ ಅನ್ನಿಸಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗಲೂ ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಅಂತ ಬೇರೆ ದಾರಿ ಮಾಡಿದರು. ಹಾಸ್ಟೆಲ್ ಅಥವಾ ಪಿಜಿಯಲ್ಲಿ ಇರುವವರಿಗೆ, 7 ಗಂಟೆಗೆ ಬೇಯಿಸಿ 8ಕ್ಕೆ ತಿನ್ನುವ ಅನುಕೂಲ ಇದ್ದರೆ, ನಾನು ಮೊಟ್ಟೆಯನ್ನೇ ಹೇಳುತ್ತೇನೆ. ಬ್ಯಾಗಿಗೆ ಮಾತ್ರ ಅದು ಆಗಿಬರುವುದಿಲ್ಲ.

ಮೊಳಕೆಕಾಳು ಬ್ಯಾಗಿಗೆ ಇನ್ನೂ ಆಗಿಬರುವುದಿಲ್ಲ. ರಾತ್ರಿ ನೆನೆಸಿ, ಮಾರನೇ ದಿನ ಬಟ್ಟೆಯಲ್ಲಿ ಕಟ್ಟಿ, ಅದರ ಮಾರನೇ ಬೆಳಿಗ್ಗೆ ನಿಂಬೆಹಣ್ಣು ಹಿಂಡಿ ಕೋಸಂಬರಿಯ ಹಾಗೆ ಮಾಡಿ ಒಯ್ದೆ. ಮೊಳಕೆ ಬಂದ ಕಾಳಿನಲ್ಲಿ ವಿಟಮಿನ್ ಸಿ ಹೆಚ್ಚಾಗುತ್ತದೆ, ಕಬ್ಬಿಣಾಂಶ ಮೈಗೆ ಹತ್ತುವುದೂ ಸುಲಭವಾಗುತ್ತದೆ. ನನಗೆ ಬೇಕಿದ್ದದ್ದೇ ಅದು. 10 ಗಂಟೆಗೆ ತಿಂದಾಗ ಚೆನ್ನಾಗಿತ್ತು. ಅರ್ಧ ಉಳಿಸಿ 3 ಗಂಟೆಗೆ ಡಬ್ಬಿ ತೆರೆದರೆ ಲೋಳೆ ಲೋಳೆ, ಹುಳಿ ವಾಸನೆ. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಕ್ಕೂ ಬೇಕು. ಮುಚ್ಚಿದ ಡಬ್ಬಿಯಲ್ಲಿ ಎರಡೂ ಸಿಗುತ್ತವೆ. ಐದು ನಿಮಿಷ ಆವಿಯಲ್ಲಿ ಬೇಯಿಸಿ, ಆರಿಸಿ ಒಯ್ದರೆ ಸ್ವಲ್ಪ ವಾಸಿ. ಆದರೂ ಊಟದ ನಂತರಕ್ಕೆ ಇಡಬೇಡಿ. ರಜೆಯ ದಿನ ಮನೆಯಲ್ಲಿ ಮಾಡಿಕೊಂಡು ತಿನ್ನುವುದಕ್ಕೆ ನಾನು ಈಗಲೂ ಅದನ್ನೇ ಇಷ್ಟಪಡುತ್ತೇನೆ.

ಬಾಳೆಹಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಚ್ಚಬಾಳೆ ಅಗ್ಗ, ಆದರೆ ಪುಸ್ತಕದ ನಡುವೆ ಸಿಕ್ಕಿ ಜಜ್ಜಿಹೋಯಿತು. ಏಲಕ್ಕಿ ಬಾಳೆ ಚಿಕ್ಕದು, ಗಟ್ಟಿ, ಡಬ್ಬಿಯಲ್ಲಿ ಎರಡು ಹಿಡಿಸುತ್ತವೆ. ಬೆಲೆ ಜಾಸ್ತಿ. ಬಾಳೆಹಣ್ಣು ತಿಂದ ಕೂಡಲೇ ಮೈಗೆ ಚೈತನ್ಯ ಬರುತ್ತದೆ, ಆದರೆ ಪ್ರೋಟೀನ್ ಒಂದು ಗ್ರಾಂ ಅಷ್ಟೆ. ಒಂದು ಗಂಟೆಯಲ್ಲಿ ಹೊಟ್ಟೆ ಮತ್ತೆ ಕೇಳುತ್ತದೆ. ಕಡಲೆಬೀಜದ ಜೊತೆ ತಿಂದರೆ ಒಳ್ಳೆಯದು.

ಕಡಲೆಪುರಿಯಲ್ಲೂ ಹೀಗೇ ಆಯಿತು. ಹತ್ತು ರೂಪಾಯಿಗೆ ದೊಡ್ಡ ಕವರು ತುಂಬ ಬರುತ್ತದೆ, ತಿಂದಂತೆ ಕಾಣುತ್ತದೆ. ತೂಗಿದರೆ ಡಬ್ಬಿ ತುಂಬ ಹಾಕಿದರೂ 30 ಗ್ರಾಂ. ಅದು ಅಕ್ಕಿಯೇ ತಾನೆ, ಪ್ರೋಟೀನ್ 2 ಗ್ರಾಂ ಆಸುಪಾಸು. ಗೆಳತಿ ಮಾತ್ರ ಕಡಲೆಪುರಿಯ ಪರ. "ಸಂಜೆ ರೈಲಿನಲ್ಲಿ ಮಾತಾಡ್ತಾ ತಿನ್ನೋಕೆ ಇದಕ್ಕಿಂತ ಚೆನ್ನಾಗಿರೋದು ಯಾವುದಿದೆ ಹೇಳೇ" ಅಂತ ಕೇಳುತ್ತಾಳೆ. ಆ ಮಾತು ನಿಜ. ಹುರಿಗಡಲೆ, ಕಡಲೆಬೀಜ ಬೆರೆಸಿ, ಈರುಳ್ಳಿ ಹಾಕದೆ ಒಯ್ದರೆ ಸಂಜೆಗೆ ಬಹಳ ಹಿತ. ಈರುಳ್ಳಿ, ಟೊಮೆಟೊ ಹಾಕಿದರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ.

ಇನ್ನು ಹುರಿಹಿಟ್ಟು. ನಮ್ಮ ಅಜ್ಜಿ ಮಧುಗಿರಿ ಕಡೆಯ ಹಳ್ಳಿಯವರು. ನನ್ನ ರಕ್ತ ಪರೀಕ್ಷೆಯ ಸುದ್ದಿ ಕೇಳಿ ಎರಡು ಕಿಲೋ ಕಳಿಸಿಕೊಟ್ಟರು. "ಕಾಸು ಕೊಟ್ಟು ಬಿಸ್ಕತ್ತು ತಿನ್ನೋ ಬದಲು ಹುರಿಟ್ಟು ತಿನ್ನವ್ವ" ಅಂತ ಫೋನಿನಲ್ಲಿ ಹೇಳಿದರು. ರಾಗಿಗೆ ನೀರು ಚಿಮುಕಿಸಿ ಹದ ಮಾಡಿ, ಕಾದ ಮರಳಿನಲ್ಲಿ ಅರಳು ಹುರಿದು, ಜರಡಿ ಹಿಡಿದು, ಆಮೇಲೆ ಬೀಸಿಸುತ್ತಾರೆ. ಆಗಲೇ ಹುರಿದು ಬೆಂದಿರುವ ಹಿಟ್ಟು. ಹಾಗಾಗಿ ಒಲೆ ಬೇಕಿಲ್ಲ. ರಾಗಿ ಮಾಲ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ, ಮಾಲ್ಟನ್ನು ಕಾಯಿಸಬೇಕು.

ಮೊದಲ ದಿನ ಮಜ್ಜಿಗೆಯಲ್ಲಿ ಕಲಸಿ ಬಾಟಲಿಗೆ ತುಂಬಿದೆ. ಅದು ನನ್ನ ತಪ್ಪು. ಸೆಕೆಗೆ ಹುಳಿ ಬಂದು, ಮುಚ್ಚಳ ತೆರೆದ ಕೂಡಲೇ ಉಕ್ಕಿ ನೋಟ್‌ಬುಕ್ಕಿನ ಮೇಲೆಲ್ಲ ಚೆಲ್ಲಿತು. ಎರಡನೇ ದಿನ ಒಣ ಹಿಟ್ಟು, ಬೆಲ್ಲದ ಪುಡಿ ಬಾಟಲಿಗೆ ಹಾಕಿಕೊಂಡು ಹೋಗಿ ಕಾಲೇಜಿನಲ್ಲಿ ನೀರು ಸುರಿದೆ. ತಳದಲ್ಲಿ ಗಂಟುಗಂಟು. ಮೂರನೇ ದಿನ ಉಲ್ಟಾ ಮಾಡಿದೆ. ಬಾಟಲಿಯಲ್ಲಿ ಮೊದಲು ನೀರು, ಅದರ ಮೇಲೆ ಹಿಟ್ಟು. ಚೆನ್ನಾಗಿ ಕುಲುಕಿದರೆ ಗಂಟೇ ಇಲ್ಲ. ಈಗ ಹಿಟ್ಟನ್ನು ಸಣ್ಣ ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳುತ್ತೇನೆ. 50 ಗ್ರಾಂ ಹಿಟ್ಟಿಗೆ ಒಂದು ದೊಡ್ಡ ಲೋಟ ನೀರು, ಒಂದು ಚಮಚ ಬೆಲ್ಲ, ಚಿಟಿಕೆ ಏಲಕ್ಕಿ ಪುಡಿ. ಅಮ್ಮ ತುಪ್ಪ ಬೆಲ್ಲ ಹಾಕಿ ಉಂಡೆಯೂ ಕಟ್ಟಿಕೊಟ್ಟರು. ಉಂಡೆ ರುಚಿ ಹೆಚ್ಚು, ಒಯ್ಯಲೂ ಸುಲಭ. ಆದರೆ ಬೆಲ್ಲ ಜಾಸ್ತಿ ಬೇಕಾಗುತ್ತದೆ.

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ನಾವು ತಿನ್ನುವ ಬೇರೆ ಯಾವ ಧಾನ್ಯದಲ್ಲೂ ಇದರ ಹತ್ತಿರ ಇಲ್ಲ. ಪ್ರೋಟೀನಿನಲ್ಲಿ ಹುರಿಗಡಲೆಗೆ ಸಮ ಅಲ್ಲ, 50 ಗ್ರಾಂ ಹಿಟ್ಟಿನಲ್ಲಿ ಮೂರೂವರೆ ಗ್ರಾಂ ಅಷ್ಟೆ. ಆದರೂ ಹೊಟ್ಟೆಗೆ ತಂಪು, ಹಸಿವು 12.30ರವರೆಗೆ ತಡೆಯಿತು. ಅಂಗಡಿಯಲ್ಲಿ ಕೊಳ್ಳುವುದಾದರೆ ಮೊದಲು ಸ್ವಲ್ಪ ಬಾಯಿಗೆ ಹಾಕಿ ನೋಡಿ. ಜರಡಿ ಸರಿಯಾಗಿ ಹಿಡಿಯದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ.

ಒಂದು ವಾರ ತಿಪಟೂರು ಕೊಬ್ಬರಿ ಮತ್ತು ಬೆಲ್ಲವನ್ನೂ ನೋಡಿದೆ. ನಮ್ಮ ಜಿಲ್ಲೆಯ ಹೆಮ್ಮೆ ಅದು. ಎರಡು ಚೂರು ತಿಂದರೆ ಸಾಕು ಅನ್ನಿಸುತ್ತದೆ, ಯಾಕೆಂದರೆ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಈಗಿನ ಬೆಲೆಗೆ ದಿನಾ ತಿನ್ನಲು ಆಗುವುದಿಲ್ಲ.

ಪ್ಯಾಕೆಟ್ಟಿನವನ್ನು ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ. ಗ್ಲೂಕೋಸ್ ಬಿಸ್ಕತ್ತನ್ನೂ 'ಎನರ್ಜಿ ಬಾರ್' ಅನ್ನೂ ಎರಡೆರಡು ದಿನ ತಿಂದೆ. ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ಯಾವುದು ಜಾಸ್ತಿ ತೂಕವೋ ಅದನ್ನು ಮೊದಲು ಬರೆಯಬೇಕು, ನಿಯಮವೇ ಹಾಗಿದೆ. ನನ್ನ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಎರಡನೆಯದು ಸಕ್ಕರೆ. ಎನರ್ಜಿ ಬಾರ್ ಒಂದಕ್ಕೆ 50 ರೂಪಾಯಿ. ಆ ಹಣದಲ್ಲಿ ನನಗೆ ಒಂದು ವಾರದ ಮಿಶ್ರಣ ಬರುತ್ತದೆ.

ಈಗ ಕಾಲೇಜಿನ ದಿನಗಳಲ್ಲಿ ನನ್ನ ಬ್ಯಾಗಿನಲ್ಲಿ ಇರುವುದು ಹೀಗೆ. 10 ಗಂಟೆಗೆ ಹುರಿಗಡಲೆ ಕಡಲೆಬೀಜದ ಮಿಶ್ರಣ ಒಂದೂವರೆ ಹಿಡಿ, ಜೊತೆಗೆ ಒಂದು ಸೀಬೆಹಣ್ಣು. ಸೀಬೆ ಸೇರಿಸಿದ್ದು ಡಾಕ್ಟರು ಹೇಳಿದ ಮೇಲೆ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ವಿಟಮಿನ್ ಸಿ ಜೊತೆಗಿರಬೇಕು, ಸೀಬೆಯಲ್ಲಿ ಅದು ಕಿತ್ತಳೆಗಿಂತ ಎಷ್ಟೋ ಜಾಸ್ತಿ. ಸೀಬೆ ಸಿಗದ ದಿನ ಅರ್ಧ ನಿಂಬೆಹಣ್ಣು ನೀರಿಗೆ ಹಿಂಡಿಕೊಳ್ಳುತ್ತೇನೆ. ಟೀ ಕಾಫಿಯನ್ನು ಇದರ ಜೊತೆ ಕುಡಿಯುವುದು ನಿಲ್ಲಿಸಿದ್ದೇನೆ, ಅವು ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ. 4 ಗಂಟೆಗೆ ಹುರಿಹಿಟ್ಟು. ಎಲ್ಲ ಸೇರಿ ದಿನಕ್ಕೆ 18 ರೂಪಾಯಿ ದಾಟಿಲ್ಲ.

ಮಾತ್ರೆ ಮೂರು ತಿಂಗಳು ನುಂಗಿದ ಮೇಲೆ ಹಿಮೋಗ್ಲೋಬಿನ್ 11.8ಕ್ಕೆ ಬಂತು. ಅದು ಮುಖ್ಯವಾಗಿ ಮಾತ್ರೆಯ ಕೆಲಸ, ಡಬ್ಬಿಯದಲ್ಲ. ಆದರೆ ಲ್ಯಾಬಿನಲ್ಲಿ 12 ಗಂಟೆಗೆ ಕೈ ನಡುಗುತ್ತಿದ್ದದ್ದು ನಿಂತದ್ದು ಡಬ್ಬಿ ಶುರು ಮಾಡಿದ ಮೊದಲ ವಾರದಲ್ಲೇ. ಗೆಳತಿಗೂ ಈಗ ಅಭ್ಯಾಸವಾಗಿದೆ. ರೈಲು ದಾಬಸ್‌ಪೇಟೆ ದಾಟುತ್ತಿದ್ದ ಹಾಗೆ "ಇವತ್ತು ಬೆಲ್ಲ ಹಾಕಿದ್ದೀಯೇನೇ?" ಅಂತ ಕೈ ಚಾಚುತ್ತಾಳೆ. ಅದಕ್ಕೇ ಒಂದು ಹಿಡಿ ಜಾಸ್ತಿ ತುಂಬುತ್ತೇನೆ.