ಕೊಂಡಿ ಕೊಟ್ಟರೆ ಚಿತ್ರ ತಂದು ತೋರಿಸುವ ಸರ್ವರ್: ಉಡುಪಿಯ ಒಂದು ಜಾಲತಾಣಕ್ಕೆ ಆದದ್ದು

ಉಡುಪಿ ಸುತ್ತಮುತ್ತ ನಡೆಯುವ ಯಕ್ಷಗಾನ ಆಟಗಳ ವಿವರ ಪ್ರಕಟಿಸುವ ಒಂದು ಚಿಕ್ಕ ಜಾಲತಾಣದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಪೈಥಾನ್ ಭಾಷೆಯ ಜಾಂಗೊ ಎಂಬ ಚೌಕಟ್ಟಿನಲ್ಲಿರುವ ಅದರ ಕೋಡ್ ಬರೆದುಕೊಟ್ಟದ್ದು ಮಂಗಳೂರಿನ ಒಂದು ಸಂಸ್ಥೆ. ಹೆಸರು ಇಲ್ಲಿ ಬೇಡ. ಆಟ ಆಡಿಸುವವರು ಕರಪತ್ರದ ಚಿತ್ರವಿರುವ ಕೊಂಡಿಯನ್ನು ಅಂಟಿಸಿದರೆ ಸಾಕು, ಸರ್ವರೇ ಅದನ್ನು ತಂದು ಪುಟದಲ್ಲಿ ತೋರಿಸುತ್ತಿತ್ತು. ಎಚ್‌ಟಿಟಿಪಿ ಕೊಂಡಿಯ ಚಿತ್ರವನ್ನು ಎಚ್‌ಟಿಟಿಪಿಎಸ್ ಪುಟದಲ್ಲಿ ನೇರವಾಗಿ ಇಟ್ಟರೆ ಬ್ರೌಸರ್ ತಕರಾರು ಮಾಡುತ್ತದೆ ಎಂಬುದು ಅವರು ಕೊಟ್ಟ ಕಾರಣ. ಕಾರಣವೇನೋ ನಿಜವೇ.

ಪತ್ತನಾಜೆ ಹತ್ತಿರವಾಗಿ ಮೇಳಗಳು ತಿರುಗಾಟ ಮುಗಿಸುವ ಹೊತ್ತಿಗೆ ತಾಣವು ಪದೇ ಪದೇ 502 ಎಂಬ ದೋಷ (ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಸೂಚನೆ) ತೋರಿಸತೊಡಗಿತು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ (ಕೊಂಡಿಯಿಂದ ಚಿತ್ರ ತರಲು ನಮ್ಮ ಕೋಡ್ ಬಳಸುತ್ತಿದ್ದದ್ದು ಇದನ್ನೇ) ನಾವಾಗಿ ಹೇಳದಿದ್ದರೆ ಟೈಮ್‌ಔಟ್ ಎಂಬುದೇ, ಅಂದರೆ ಕಾಯುವ ಮಿತಿಯೇ, ಇಲ್ಲ. ದೂರದ ಯಾವುದೋ ಸರ್ವರ್ ಉತ್ತರಿಸದೆ ಕುಳಿತರೆ ನಮ್ಮದೂ ಕಾಯುತ್ತಾ ಕೂರುತ್ತದೆ, 30 ಸೆಕೆಂಡ್ ಕಳೆದ ಮೇಲೆ ಜಾಂಗೊ ಕೋಡನ್ನು ಓಡಿಸುವ ಗುನಿಕಾರ್ನ್ ಆ ಕೆಲಸ ಹಿಡಿದಿದ್ದ ವರ್ಕರನ್ನೇ (ಪ್ರಕ್ರಿಯೆಯನ್ನೇ) ಕೊಲ್ಲುತ್ತದೆ. ಇಷ್ಟೇ ಆಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಆದರೆ ಕಾರಣ ಹುಡುಕಲೆಂದು, ಹೊರಗಿನ ವಿನಂತಿಗಳನ್ನು ಮೊದಲು ಪಡೆದು ದಾಖಲಿಸುವ ಎನ್‌ಜಿನ್‌ಎಕ್ಸ್ ಲಾಗ್ ತೆರೆದಾಗ, ಕರಪತ್ರಗಳ ಕೊಂಡಿಗಳ ನಡುವೆ 169.254.169.254 ಎಂಬ ವಿಳಾಸಕ್ಕೆ ಕರೆದೊಯ್ಯುವ ಸಾಲುಗಳು ಕಂಡವು. ಪ್ರತಿ ಸಾಲಿನ ಕೊನೆಗೆ ಸ್ಥಿತಿ ಸಂಖ್ಯೆ 200, ಅಂದರೆ ಕೇಳಿದ್ದು ಸಿಕ್ಕಿದೆ.

ಆ ವಿಳಾಸ ಅಂತರಜಾಲದಲ್ಲಿ ಎಲ್ಲಿಂದಲೂ ತಲುಪುವಂಥದ್ದಲ್ಲ. ಅಮೆಜಾನ್ ಕ್ಲೌಡ್‌ನ ಯಂತ್ರವೊಂದು ತನ್ನದೇ ವಿವರಗಳನ್ನು, ತನಗೆ ಕೊಟ್ಟಿರುವ ತಾತ್ಕಾಲಿಕ ಕೀಲಿಗಳ ಸಮೇತ, ಕೇಳಿ ಪಡೆಯುವ ಒಳಗಿನ ವಿಳಾಸ ಅದು. ಗೇಟಿನ ಹೊರಗೆ ನಿಂತವನು ಮನೆಯೊಳಗಿನವರಿಂದಲೇ ಕಪಾಟು ತೆರೆಸಿದ ಹಾಗೆ, ನಮ್ಮ ಸರ್ವರಿಂದಲೇ ನಮ್ಮ ಕೀಲಿಗಳನ್ನು ಯಾರೋ ತರಿಸಿಕೊಂಡಿದ್ದರು. ಇದಕ್ಕೆ ಎಸ್‌ಎಸ್‌ಆರ್‌ಎಫ್ (ಸರ್ವರ್-ಸೈಡ್ ರಿಕ್ವೆಸ್ಟ್ ಫೋರ್ಜರಿ) ಎಂದು ಹೆಸರು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಹೊರಬಿದ್ದದ್ದೂ ಈ ದಾರಿಯಲ್ಲೇ.

ಆ ಕೀಲಿಗಳಿಂದ ತೆರೆಯಬಹುದಾಗಿದ್ದ, ಅಮೆಜಾನಿನ ಕಡತ ಸಂಗ್ರಹವಾದ ಎಸ್3 ಬಕೆಟ್‌ನಲ್ಲಿ ಆಟ ಆಡಿಸುವವರ ಹೆಸರು, ಫೋನ್ ನಂಬರು ಎಲ್ಲವೂ ಇದ್ದವು. ಹಳೆಯ ಸೆಷನ್‌ಗಳನ್ನು ರದ್ದುಪಡಿಸಿದ್ದಾಯಿತು. ಯಾವ ಕಡತ ಯಾರ ಕೈ ಸೇರಿತೆಂದು ನೋಡಹೋದರೆ, ಎಸ್3 ಕಡತಗಳನ್ನು ಓದಿದ ದಾಖಲೆಯನ್ನು ಅಮೆಜಾನಿನ ಲೆಕ್ಕದ ಪುಸ್ತಕದಂತಿರುವ ಕ್ಲೌಡ್‌ಟ್ರೈಲ್ ತಾನಾಗಿ ಇಡುವುದಿಲ್ಲ, ಮೊದಲೇ ಆ ವ್ಯವಸ್ಥೆ ಮಾಡಿಕೊಂಡಿರಬೇಕು. ಹೀಗಾಗಿ ಎಲ್ಲರಿಗೂ ಫೋನ್ ಮಾಡಿ, ನಿಮ್ಮ ಮಾಹಿತಿ ಹೋಗಿರಲೂಬಹುದು ಎಂದು ತಿಳಿಸಬೇಕಾಯಿತು. ಹಿರಿಯಡಕದ ಹಿರಿಯರೊಬ್ಬರು, ಕರಪತ್ರ ಹಾಕಿದ್ದಕ್ಕೆ ಇಷ್ಟೆಲ್ಲ ಆಗುತ್ತದೆಯೇ ಎಂದು ಕೇಳಿದರು.

ಸಂಸ್ಥೆಯವರ ಉತ್ತರ ಸಿದ್ಧವಿತ್ತು: “ಕೊಂಡಿ ಡಾಟ್ ಜೆಪಿಜಿ ಎಂದು ಮುಗಿಯುತ್ತದಾ ಅಂತ ನೋಡ್ತೇವಲ್ಲ ಸರ್.” ಬಂದ ಕೊಂಡಿಗಳೆಲ್ಲವೂ ಹಾಗೆಯೇ ಮುಗಿದಿದ್ದವು, ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದರ ಮುಂದೆ ಡಾಟ್ ಜೆಪಿಜಿ ಬರೆಯಲಾಗಿತ್ತು (ಆ ಚಿಹ್ನೆಯ ಮುಂದಿನದು ಯಾವ ಸರ್ವರಿಗೆ ಹೋಗುತ್ತದೆ ಎಂಬುದನ್ನು ಬದಲಿಸುವುದಿಲ್ಲ), ಅಷ್ಟೇ. ವಿಳಾಸದ ಅಕ್ಷರಗಳನ್ನು ನೋಡಿ ತಡೆಯುವ ಉಪಾಯವೆಲ್ಲ ಹೀಗೆಯೇ ಸೋಲುತ್ತದೆ. 127.0.0.1 (ಯಂತ್ರವು ತನ್ನನ್ನೇ ಕರೆದುಕೊಳ್ಳುವ ವಿಳಾಸ, ಲೋಕಲ್‌ಹೋಸ್ಟ್) ಎಂಬುದನ್ನು ತಡೆದರೆ ಅದನ್ನೇ ಒಂದೇ ಸಂಖ್ಯೆಯಾಗಿ 2130706433 ಎಂದು ಬರೆಯಬಹುದು. ಹೊರಗಿನ ಸಭ್ಯ ವಿಳಾಸವೊಂದು ರೀಡೈರೆಕ್ಟ್ ಮೂಲಕ ಒಳಗಿನ ವಿಳಾಸಕ್ಕೆ ಕಳುಹಿಸಬಹುದು, ರಿಕ್ವೆಸ್ಟ್ಸ್ ಅದನ್ನು ಕೇಳದೆಯೇ ಹಿಂಬಾಲಿಸುತ್ತದೆ. ಪರೀಕ್ಷಿಸುವಾಗ ಒಂದು ಐಪಿ (ಅಂಕಿಗಳ ವಿಳಾಸ) ಹೇಳಿದ ಡಿಎನ್‌ಎಸ್ ಹೆಸರು ಚಿತ್ರ ತರುವಾಗ ಇನ್ನೊಂದನ್ನು ಹೇಳಬಹುದು.

ಇನ್ನೊಂದು ತೂತು ಆಮೇಲೆ ಕಂಡಿತು. ಆಚೆಯ ಸರ್ವರ್ ಹೇಳಿದ ಕಂಟೆಂಟ್-ಟೈಪನ್ನೇ (ಬಂದದ್ದು ಯಾವ ಬಗೆಯ ಕಡತ ಎಂಬ ಸೂಚನೆಯನ್ನೇ) ನಮ್ಮ ಕೋಡ್ ಬ್ರೌಸರಿಗೆ ದಾಟಿಸುತ್ತಿತ್ತು. ಚಿತ್ರದ ಬದಲು ಎಚ್‌ಟಿಎಂಎಲ್ ಬಂದರೂ, ಸ್ಕ್ರಿಪ್ಟ್ ಅಡಗಿಸಿದ ಎಸ್‌ವಿಜಿ ಬಂದರೂ, ಆ ಕೊಂಡಿ ತೆರೆದವರ ಬ್ರೌಸರಿನಲ್ಲಿ ಅದು ನಮ್ಮದೇ ಡೊಮೇನಿನ ಹೆಸರಿನಲ್ಲಿ ಓಡುತ್ತಿತ್ತು.

ಈಗ ಕೊಂಡಿ ಪಡೆಯುವುದನ್ನೇ ಬಿಟ್ಟಿದ್ದೇವೆ. ಕಡತವನ್ನೇ ಅಪ್‌ಲೋಡ್ ಮಾಡಿಸಿ, ಚಿತ್ರಗಳ ಲೈಬ್ರರಿಯಾದ ಪಿಲ್ಲೊ ಮೂಲಕ ತೆರೆದು, ಹೊಸ ಜೆಪೆಗ್ ಆಗಿ ಉಳಿಸುತ್ತೇವೆ. ಕೊಂಡಿ ಬೇಕೇ ಬೇಕೆನ್ನುವವರು ಅನುಮತಿಸಿದ ತಾಣಗಳ ಪಟ್ಟಿ ಇಟ್ಟು, ರೀಡೈರೆಕ್ಟ್ ನಿಲ್ಲಿಸಿ, ಟೈಮ್‌ಔಟ್ ಮತ್ತು ಗಾತ್ರದ ಮಿತಿ ಹಾಕಿ, ಯಂತ್ರದಲ್ಲಿ ಆ ಒಳಗಿನ ವಿಳಾಸದ ಸೇವೆಯ ಹೊಸ ಆವೃತ್ತಿಯಾದ ಐಎಂಡಿಎಸ್‌ವಿ2 ಕಡ್ಡಾಯ ಮಾಡಿಕೊಳ್ಳಬೇಕು. ಮೊದಲು ಪುಟ್ ವಿನಂತಿಯಿಂದ ಟೋಕನ್ ಪಡೆಯದೆ ಅದು ಕೀಲಿ ಕೊಡದ ಕಾರಣ, ಬರೀ ಗೆಟ್ (ಕೇಳಿ ತರುವ ವಿನಂತಿ) ಮಾಡುವ ಇಂಥ ಕೋಡಿಗೆ ಏನೂ ದಕ್ಕುವುದಿಲ್ಲ.

ಇಂಥ ಸೌಲಭ್ಯ ನಿಮ್ಮ ತಾಣದಲ್ಲಿದ್ದರೆ ಹಳೆಯ ಲಾಗ್‌ಗಳಲ್ಲಿ 169.254 ಮತ್ತು ಲೋಕಲ್‌ಹೋಸ್ಟ್ ಹುಡುಕಿ ನೋಡಿ. ಕೊಂಡಿಯು ಪೋಸ್ಟ್ ಮೂಲಕ (ವಿಳಾಸದ ಭಾಗವಾಗಿ ಅಲ್ಲದೆ ವಿನಂತಿಯ ಒಡಲಲ್ಲಿ) ಬರುತ್ತಿದ್ದರೆ ಎನ್‌ಜಿನ್‌ಎಕ್ಸ್ ಲಾಗ್‌ನಲ್ಲಿ ಅದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಆಗ ಡೇಟಾಬೇಸಿನಲ್ಲಿ ಉಳಿದ ಕೊಂಡಿಗಳನ್ನೇ ಒಂದೊಂದಾಗಿ ನೋಡಬೇಕು.