ರೈಲಿನಲ್ಲಿ ‘ಒಂದೇ ದಿನದ ಜೋಗ’: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ದಸರಾ ರಜೆ ಹತ್ತಿರ ಬರುತ್ತಿದ್ದಂತೆ ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾಹೀರಾತು ಮತ್ತೆ ಓಡಾಡುತ್ತಿದೆ. ‘ಮೈಸೂರಿನಿಂದ ರೈಲಿನಲ್ಲಿ ಜೋಗ, ಒಂದೇ ದಿನ. ಗಾಜಿನ ಬೋಗಿ, ಕಿಟಕಿ ಸೀಟು ಗ್ಯಾರಂಟಿ, 57 ಸುರಂಗ, ಮಲೆನಾಡ ಊಟ, ಜಲಪಾತದ ಬುಡದವರೆಗೆ ಗೈಡ್.’ ತಲೆಗೆ 3,200 ರೂಪಾಯಿ. ಅರ್ಧ ಮುಂಗಡ, ಉಳಿದದ್ದು ಸ್ಟೇಷನ್ನಿನಲ್ಲಿ. ಇದೇ ಪ್ಯಾಕೇಜಿನಲ್ಲಿ ಮೇ ರಜೆಗೆ ನಾವು ಹೋಗಿ ಬಂದೆವು. ನಾನು, ಅಮ್ಮ, ಮಂಡ್ಯದಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಮೇಲಿನ ಪಟ್ಟಿಯಲ್ಲಿ ನಮಗೆ ಸಿಕ್ಕಿದ್ದು ಊಟ ಒಂದೇ. ಅದೂ ತಣ್ಣಗಿನ ಚಿತ್ರಾನ್ನ.

ಮೊದಲು ಈ ‘ಒಂದೇ ದಿನ’ದ ಲೆಕ್ಕ ನೋಡೋಣ. ಜೋಗಕ್ಕೆ ಹತ್ತಿರದ ರೈಲು ನಿಲ್ದಾಣ ತಾಳಗುಪ್ಪ. ಅಲ್ಲಿಂದ ಜೋಗ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ಗಾಡಿಗಳಿವೆ. ಹಗಲು ಗಾಡಿ ಹಾಸನ, ಅರಸೀಕೆರೆ, ಶಿವಮೊಗ್ಗದ ಮೇಲೆ ಹೋಗುತ್ತದೆ. ಹಗಲಿನ ಬಹುಪಾಲು ಅದರಲ್ಲೇ ಕಳೆಯುತ್ತದೆ. ರಾತ್ರಿ ಗಾಡಿ ಮಂಡ್ಯ, ಬೆಂಗಳೂರು ಸುತ್ತಿಕೊಂಡು ಬೆಳಗ್ಗೆ ಮುಟ್ಟುತ್ತದೆ. ಹಗಲು ಗಾಡಿಯಲ್ಲೇ ಹೋಗಿ, ಜೋಗ ನೋಡಿ, ಅವತ್ತೇ ಮನೆಗೆ ಬರುವುದು ಆಗದ ಮಾತು. ಒಂದು ಕಡೆಗಾದರೂ ರಾತ್ರಿ ಗಾಡಿ ಹಿಡಿಯಲೇಬೇಕು. ಪ್ಯಾಕೇಜಿನವರ ಪ್ಲ್ಯಾನ್ ಕೂಡ ಹಾಗೇ ಇತ್ತು. ರಾತ್ರಿ ಗಾಡಿಯಲ್ಲಿ ಹೋಗುವುದು, ಮಧ್ಯಾಹ್ನ ತಾಳಗುಪ್ಪ ಬಿಡುವ ಗಾಡಿಯಲ್ಲಿ ವಾಪಸ್ ಬರುವುದು. ‘ಕಿಟಕಿ ಸೀಟು ಗ್ಯಾರಂಟಿ’ ಅಂದರು ಸರಿ, ಹೋಗುವಾಗ ಅರ್ಧಕ್ಕರ್ಧ ದಾರಿ ಕಿಟಕಿಯಾಚೆ ಇದ್ದದ್ದು ಬರೀ ಕತ್ತಲೆ.

ಇನ್ನು ಗಾಜಿನ ಬೋಗಿ. ಜಾಹೀರಾತಿನಲ್ಲಿ ಹಾಕಿದ್ದು ವಿಸ್ಟಾಡೋಮ್ ಬೋಗಿಯ ಫೋಟೋ. ಅಂಥ ಬೋಗಿ ಬೆಂಗಳೂರು–ಮಂಗಳೂರು ಗಾಡಿಗಳಿಗೆ 2021ರಲ್ಲಿ ಬಂತು. ನಾವು ಹೋದ ತಾಳಗುಪ್ಪ ಗಾಡಿಯಲ್ಲಿ ಅದರ ಸುಳಿವೂ ಇರಲಿಲ್ಲ. 57 ಸುರಂಗದ ಲೆಕ್ಕವೂ ಆ ಕಡೆಯದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಇಳಿಯುವ ಘಾಟಿಯಲ್ಲಿ ಅಷ್ಟು ಸುರಂಗಗಳಿವೆ. ತಾಳಗುಪ್ಪದ ಹಳಿ ಘಾಟಿ ಇಳಿಯುವುದೇ ಇಲ್ಲ, ಅದಕ್ಕೆ ಮೊದಲೇ ಮುಗಿದುಹೋಗುತ್ತದೆ. ಬೇರೆ ದಾರಿಯ ಫೋಟೋ, ಬೇರೆ ದಾರಿಯ ಲೆಕ್ಕ ತಂದು ಈ ದಾರಿಗೆ ಅಂಟಿಸಿದ್ದಾರೆ.

ಸುಮ್ನೆ ಬೈಯಬಾರದು ನೋಡಿ, ಶಿವಮೊಗ್ಗ ದಾಟಿದ ಮೇಲಿನ ದಾರಿ ನಿಜಕ್ಕೂ ಚಂದ. ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು. ಕಾಡು ಹಳಿಯ ಪಕ್ಕಕ್ಕೇ ಬರುತ್ತದೆ. ಅದು ಮುಗಿದರೆ ಅಡಿಕೆ ತೋಟ, ಮಧ್ಯೆ ಗದ್ದೆ, ಒಂದೊಂದು ಹೆಂಚಿನ ಮನೆ. ಇದನ್ನೆಲ್ಲ ನೋಡೋದಕ್ಕೆ ಗಾಜಿನ ಬೋಗಿಯೂ ಬೇಡ, ಏಜೆಂಟೂ ಬೇಡ. ಸ್ಲೀಪರ್ ಟಿಕೆಟ್‌ಗೆ ಐನೂರು ರೂಪಾಯಿಯೂ ಆಗುವುದಿಲ್ಲ.

ಟಿಕೆಟ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾಸ್ತಿ ಜನ ಬೀಳುವುದು ಅಲ್ಲೇ.

ದುಡ್ಡು ಕಟ್ಟಿದ ಮೇಲೆ ನಮಗೆ ಬಂದದ್ದು ‘ಸೀಟ್ ಕನ್ಫರ್ಮ್’ ಅನ್ನುವ ಒಂದು ಮೆಸೇಜ್ ಮಾತ್ರ. ಪಿಎನ್‌ಆರ್ ನಂಬರ್ ಕೇಳಿದರೆ ‘ಗ್ರೂಪ್ ಬುಕಿಂಗ್ ಸಾರ್, ಸ್ಟೇಷನ್ನಲ್ಲಿ ಕೊಡ್ತೀವಿ, ಟೆನ್ಶನ್ ತಗೋಬೇಡಿ’ ಎಂದರು. ಮೈಸೂರು ಸ್ಟೇಷನ್ನಿನಲ್ಲಿ, ಗಾಡಿ ಹೊರಡುವ ಹೊತ್ತಿಗೆ, ಉಳಿದ ಅರ್ಧ ದುಡ್ಡು ಎಣಿಸಿಕೊಂಡ ಮೇಲೆ ಟಿಕೆಟ್ ಫೋಟೋ ಕಳಿಸಿದರು. ನನ್ನದು ಮತ್ತು ಅಮ್ಮನದು ಸರಿ ಇತ್ತು. ಅಕ್ಕನ ಮನೆಯವರದು ಬೇರೆ ಟಿಕೆಟ್. ಅದರಲ್ಲಿ ಎಲ್ಲರದೂ ವೇಟಿಂಗ್. ‘ಟಿಟಿಇಗೆ ಹೇಳಿದೀನಿ, ಅಡ್ಜಸ್ಟ್ ಮಾಡ್ತಾರೆ’ ಎಂದ ಏಜೆಂಟನ ಹುಡುಗ. ಅಕ್ಕನ ಮನೆಯವರು ಮಂಡ್ಯದಲ್ಲಿ ಹತ್ತಿದರು. ಟಿಟಿಇ ಬಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ನಿಯಮ ಹೀಗಿದೆ. ಆನ್‌ಲೈನ್ ಟಿಕೆಟ್‌ನಲ್ಲಿ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ, ಚಾರ್ಟ್ (ಯಾರಿಗೆ ಯಾವ ಸೀಟು ಎನ್ನುವ ಕೊನೆಯ ಪಟ್ಟಿ) ಆದ ಮೇಲೆ ಆ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಅದನ್ನು ಹಿಡಿದುಕೊಂಡು ಹತ್ತಿದರೆ ಟಿಕೆಟ್ ಇಲ್ಲದೆ ಹತ್ತಿದ ಹಾಗೆಯೇ ಲೆಕ್ಕ. ಟಿಕೆಟ್ ದರದ ಜೊತೆ ಅಷ್ಟೇ ದಂಡ, ಅದು 250 ರೂಪಾಯಿಗಿಂತ ಕಡಿಮೆಯಾದರೆ 250. ಭಾವ ಮರುಮಾತಾಡದೆ ಕಟ್ಟಿದರು. ಬೆಂಗಳೂರು ದಾಟಿದರೂ ಬರ್ತ್ ಸಿಗಲಿಲ್ಲ. ಮಕ್ಕಳು ನಮ್ಮ ಬರ್ತಿನಲ್ಲಿ ಮಲಗಿದರು, ದೊಡ್ಡವರು ಕೂತೇ ಬೆಳಗು ಮಾಡಿದೆವು.

ಇದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಆಮೇಲೆ ತಿಳಿಯಿತು. ರದ್ದಾದ ಟಿಕೆಟ್ಟಿನ ದುಡ್ಡನ್ನು ರೈಲ್ವೆಯವರು ವಾಪಸ್ ಹಾಕುತ್ತಾರೆ. ಎಲ್ಲಿಗೆ? ದುಡ್ಡು ಎಲ್ಲಿಂದ ಹೋಗಿತ್ತೋ ಅಲ್ಲಿಗೆ. ಅಂದರೆ ಏಜೆಂಟನ ಖಾತೆಗೆ. ಅಕ್ಕನ ಕಡೆಯವರು ದಂಡ ಕಟ್ಟಿ ಕೂತು ಹೋದರು, ಅವರ ಟಿಕೆಟ್ ದುಡ್ಡು ಅವನ ಜೇಬಿಗೆ ಮರಳಿತು. ವೇಟಿಂಗ್ ಟಿಕೆಟ್ ತೋರಿಸಿ ಪ್ಯಾಕೇಜ್ ಮಾರಿದರೆ ಅವನಿಗೆ ನಷ್ಟವೇ ಇಲ್ಲ, ಅಲ್ವಾ?

ನಮ್ಮ ಜೊತೆ ಹೂಟಗಳ್ಳಿಯ ಒಂದು ಕುಟುಂಬ ಇತ್ತು. ಅವರಿಗೆ ಕೊಟ್ಟಿದ್ದು ಬೇರೆ ಯಾರದೋ ಹೆಸರಿನ ಟಿಕೆಟ್. ‘ಹೆಸರು ಬದಲಾಯಿಸಿದೀವಿ’ ಎಂದಿದ್ದರಂತೆ. ಮನೆಯವರ ಟಿಕೆಟನ್ನು ಮನೆಯವರೇ ಇನ್ನೊಬ್ಬರ ಹೆಸರಿಗೆ ಮಾಡಿಸಿಕೊಳ್ಳಬಹುದು. ತಂದೆ, ತಾಯಿ, ಗಂಡ, ಹೆಂಡತಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಅಷ್ಟೇ. ಅದನ್ನೂ ಗಾಡಿ ಹೊರಡುವ 24 ಗಂಟೆ ಮೊದಲು ರಿಸರ್ವೇಷನ್ ಕಚೇರಿಗೆ ಹೋಗಿ ಮಾಡಿಸಬೇಕು. ಏಜೆಂಟ್ ಕೂತಲ್ಲೇ ಬದಲಾಯಿಸಲು ಬರುವುದಿಲ್ಲ. ಸ್ವಂತ ಐಡಿಯಲ್ಲಿ ಟಿಕೆಟ್ ತೆಗೆದು ವ್ಯಾಪಾರ ಮಾಡುವುದು ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತಾಳಗುಪ್ಪದಲ್ಲಿ ಇಳಿದಾಗ ಗಾಡಿ ತಡವಾಗಿತ್ತು. ನಮಗಾಗಿ ಕಾಯಬೇಕಿದ್ದ ಟೆಂಪೊ ಟ್ರಾವೆಲರ್ ಅದಕ್ಕಿಂತ ತಡ. ಅದು ಸಣ್ಣ ನಿಲ್ದಾಣ. ನಮ್ಮ ಕಣ್ಣೆದುರೇ ಬೇರೆಯವರೆಲ್ಲ ಆಟೋ ಹಿಡಿದು ಹೋದರು. ಕೊನೆಗೂ ಟೆಂಪೊ ಬಂತು. ಸೀಟು ಕಡಿಮೆ, ಜನ ಜಾಸ್ತಿ. ತೊಡೆ ಮೇಲೆ ಮಕ್ಕಳು.

ಈಗ ಜೋಗಕ್ಕೆ ಬರೋಣ. ಫೋಟೋದಲ್ಲಿ ಇದ್ದದ್ದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗುವಷ್ಟು ಬೆಳ್ಳಗೆ ಸುರಿಯುವ ಜೋಗ. ನಾವು ಕಂಡದ್ದು 253 ಮೀಟರ್ ಎತ್ತರದ ಕಪ್ಪು ಬಂಡೆ. ರಾಜ ಬೀಳುವ ಜಾಗದಲ್ಲಿ ತಾರಸಿ ಟ್ಯಾಂಕ್ ತುಂಬಿ ಪೈಪಿನಿಂದ ಇಳಿಯುವಷ್ಟು ನೀರು. ಅಕ್ಕ ಕಂಬಿ ಹಿಡಿದು ನೋಡಿದಳು. ‘ಇದ್ನ ನೋಡಕ್ಕೇನ್ಲಾ ರಾತ್ರಿಯೆಲ್ಲ ಕೂತ್ಕಂಡ್ ಬಂದಿದ್ದು?’ ಎಂದಳು. ಗೈಡ್ ಎನ್ನಿಸಿಕೊಂಡವನು, ಅವನೇ ಟೆಂಪೊ ಡ್ರೈವರ್ ಕೂಡ, ‘ಮೊನ್ನೆ ತನಕ ಚೆನ್ನಾಗಿತ್ತು ಸಾರ್’ ಎಂದ. ಟೀ ಕೊಟ್ಟ ಅಂಗಡಿಯಮ್ಮ ನಕ್ಕುಬಿಟ್ಟರು. ‘ಮೇ ತಿಂಗ್ಳಲ್ಲಿ ನೀರೆಲ್ಲಿ ಮಾರಾಯ್ರೆ? ಮಳೆ ಹಿಡಿದ ಮೇಲೆ ಬರ್ಬೇಕು.’

ಇದು ಅವತ್ತಿನ ನಮ್ಮ ದುರದೃಷ್ಟವಲ್ಲ, ಪ್ರತಿ ಬೇಸಿಗೆಯ ಕಥೆ. ಪ್ಯಾಕೇಜ್ ಮಾರುವವರಿಗೂ ಗೊತ್ತಿರುವ ಕಥೆ. ಜೋಗದಿಂದ ಕೆಲವೇ ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಕಟ್ಟಿದ್ದು, ಸುಮಾರು 151 ಟಿಎಂಸಿ ಹಿಡಿಯುತ್ತದೆ. ಶರಾವತಿ ನೀರು ಅಲ್ಲಿ ನಿಲ್ಲುತ್ತದೆ. ಕರೆಂಟ್ ಮಾಡಲು ಬಿಡುವ ನೀರು ಅಲ್ಲಿಂದ ತಳಕಳಲೆ ಜಲಾಶಯಕ್ಕೆ, ತಳಕಳಲೆಯಿಂದ ಭಾರೀ ಪೈಪುಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹತ್ತು ಯಂತ್ರ, 1,035 ಮೆಗಾವ್ಯಾಟ್. ಅಂದರೆ ಈ ನೀರು ಜೋಗದ ಬಂಡೆಯನ್ನು ಮುಟ್ಟುವುದೇ ಇಲ್ಲ. ಪಕ್ಕದಿಂದ ಹಾದು ಕೆಳಗಡೆ ಹೊಳೆ ಸೇರುತ್ತದೆ. ಜೋಗದಲ್ಲಿ ಬೀಳುವುದು ಎರಡು ಬಗೆಯ ನೀರು. ಒಂದು, ಅಣೆಕಟ್ಟಿನಿಂದ ಕೆಳಗೆ ಸುತ್ತಮುತ್ತ ಸುರಿದ ಮಳೆ ಹಳ್ಳಗಳಲ್ಲಿ ಹರಿದು ಬಂದದ್ದು. ಇನ್ನೊಂದು, ಲಿಂಗನಮಕ್ಕಿ ತುಂಬುತ್ತಾ ಬಂದು ಗೇಟ್ ತೆಗೆದಾಗ ಬರುವುದು. ಜಾಹೀರಾತಿನ ಫೋಟೋಗಳೆಲ್ಲ ಈ ಎರಡನೆಯದು. ಅದು ಪ್ರತಿ ವರ್ಷ ಬರುವುದೂ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕೆಆರ್‌ಎಸ್ ಇವತ್ತು ಎಷ್ಟು ಅಡಿ ಆಯ್ತು ಅಂತ ಪೇಪರ್ ಬಂದ ಕೂಡಲೇ ನೋಡುವವರು ನಾವು. 124.80 ಅಡಿ ಆಯಿತು, ಹೊರಹರಿವು ಹೆಚ್ಚಿತು ಅಂದರೆ ಗಗನಚುಕ್ಕಿ, ಭರಚುಕ್ಕಿಗೆ ಹೊರಡುತ್ತೇವೆ. ನೀರು ಬಿಡದ ಬೇಸಿಗೆಯಲ್ಲಿ ಮಳವಳ್ಳಿ ಕಡೆ ಯಾರಾದರೂ ಗಗನಚುಕ್ಕಿ ಟೂರ್ ಮಾರಿದರೆ ಜನ ನಗುತ್ತಾರೆ. ಜೋಗದ್ದೂ ಅದೇ ಲೆಕ್ಕ, ಡ್ಯಾಮ್ ಮಾತ್ರ ಬೇರೆ. ಲಿಂಗನಮಕ್ಕಿ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಪೇಪರಿನ ಜಲಾಶಯ ಮಟ್ಟದ ಪಟ್ಟಿಯಲ್ಲಿ ಕೆಆರ್‌ಎಸ್ ಜೊತೆಗೇ ಇದೂ ಇರುತ್ತದೆ. ಅದನ್ನು ನೋಡಿ ಹೊರಡಿ. ಜುಲೈನಲ್ಲಿ ಹೋದರೆ ಮಂಜಿನದು ಬೇರೆ ಆಟ. ಎದುರಿಗೇ ಜಲಪಾತ ಭೋರ್ಗರೆಯುತ್ತಿರುತ್ತದೆ, ಕಣ್ಣಿಗೆ ಬರೀ ಬಿಳಿ ಪರದೆ. ಮಂಜು ಸರಿಯುವವರೆಗೆ ಕಾಯಬೇಕು. ಕಾಯಲು ಹೊತ್ತಿರಬೇಕು.

ಈ ಪ್ಯಾಕೇಜಿನಲ್ಲಿ ಇಲ್ಲದ್ದೇ ಹೊತ್ತು. ಬೆಳಗ್ಗೆ ತಡ, ಮಧ್ಯಾಹ್ನದ ಗಾಡಿ ತಪ್ಪಬಾರದು, ನಡುವೆ ತಿಂಡಿ, ಊಟ, ಓಡಾಟ. ಬುಡದವರೆಗೆ ಕರೆದೊಯ್ಯುತ್ತೇವೆ ಎಂದಿದ್ದರಲ್ಲ, ಅದು ಸುಮಾರು 1,400 ಮೆಟ್ಟಿಲು. ಇಳಿದಷ್ಟನ್ನೂ ಹತ್ತಬೇಕು. ನಾವು ಹೋದ ದಿನ ಆ ದಾರಿ ಮುಚ್ಚಿತ್ತು. ತೆರೆದಿದ್ದರೂ ಆ ಗಡಿಬಿಡಿಯಲ್ಲಿ ಇಳಿದು ಹತ್ತುವುದು ಆಗುತ್ತಿರಲಿಲ್ಲ, ಮಂಡಿ ನೋವಿನ ಅಮ್ಮನಿಗಂತೂ ದೂರದ ಮಾತು. ಹೊರಡುವ ಮೊದಲು ಜೋಗ ತೆರೆದಿದೆಯೇ ಎಂದೂ ವಿಚಾರಿಸಿಕೊಳ್ಳಿ. 2025ರ ಆರಂಭದಲ್ಲಿ ಕಾಮಗಾರಿಗೋಸ್ಕರ ಪ್ರವಾಸಿಗರಿಗೆ ಕೆಲವು ತಿಂಗಳು ಪ್ರವೇಶವೇ ಇರಲಿಲ್ಲ.

ವಾಪಸ್ ಬಂದ ಮೇಲೆ ದುಡ್ಡು ಕೇಳಿದೆ. ‘ನೀರು ನಮ್ಮ ಕೈಲಿದೆಯಾ ಸಾರ್? ಪ್ರಕೃತಿ’ ಎಂದರು. ನೀರು ಅವರ ಕೈಲಿಲ್ಲ, ಒಪ್ಪುತ್ತೇನೆ. ಗಾಜಿನ ಬೋಗಿ? ಸುರಂಗ? ಕನ್ಫರ್ಮ್ ಟಿಕೆಟ್? ಅದಕ್ಕೆ ಉತ್ತರವಿಲ್ಲ, ನಂಬರ್ ಬ್ಲಾಕ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದಾದ ಮೇಲೆ ಅಕ್ಕನ ಮನೆಯವರ ಟಿಕೆಟ್ ದುಡ್ಡು ಮಾತ್ರ ಬಂತು. ರೈಲ್ವೆಯವರು ಏಜೆಂಟನಿಗೆ ಯಾವತ್ತೋ ವಾಪಸ್ ಕೊಟ್ಟಿದ್ದ ದುಡ್ಡೇ ಅದು! ಉಳಿದದ್ದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು ಅಂತ ಭಾವ ಕಾಗದಪತ್ರ ಜೋಡಿಸುತ್ತಿದ್ದಾರೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಹಾಕಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ, ವೇಟಿಂಗ್ ಟಿಕೆಟ್, ಟಿಟಿಇ ಕೊಟ್ಟ ದಂಡದ ಚೀಟಿ ಎಲ್ಲವೂ ನಮ್ಮ ಹತ್ತಿರ ಇವೆ. ಇಲ್ಲದ್ದು ಬಿಲ್ಲು. ಅವರು ಯಾರಿಗೂ ಬಿಲ್ ಕೊಟ್ಟೇ ಇಲ್ಲ. ದುಡ್ಡು ಹೋದದ್ದೂ ಯಾರೋ ಒಬ್ಬರ ಸ್ವಂತ ಖಾತೆಗೆ.

ಜೋಗಕ್ಕೆ ರೈಲಿನಲ್ಲೇ ಹೋಗಬೇಕೆಂದಿದ್ದರೆ ನೀವೇ ಹೋಗಿ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ರಾತ್ರಿ ಗಾಡಿಯಲ್ಲಿ ಹೋಗಿ, ಆ ರಾತ್ರಿ ಜೋಗದಲ್ಲೋ ಸಾಗರದಲ್ಲೋ ಉಳಿದು, ಮಾರನೆಯ ದಿನ ಹೊರಡಿ. ಜೋಗದಲ್ಲೇ ಕೆಎಸ್‌ಟಿಡಿಸಿಯ ಮಯೂರ ಗೇರುಸೊಪ್ಪ ಇದೆ. ತಾಳಗುಪ್ಪದಿಂದ ಬಸ್ಸು, ಆಟೋ ಎರಡೂ ಸಿಗುತ್ತವೆ.

ದಸರಾ ಹೊತ್ತಿಗೆ ಜೋಗದಲ್ಲಿ ನೀರು ಇದ್ದರೂ ಇರಬಹುದು. ಹಾಗಾಗಿ ಈ ಸಲ ಜಾಹೀರಾತನ್ನು ನಂಬುವವರು ಜಾಸ್ತಿ. ಆದರೆ ನೀರು ಬಂದರೂ ಗಾಜಿನ ಬೋಗಿ ಬರುವುದಿಲ್ಲ, ವೇಟಿಂಗ್ ಟಿಕೆಟ್ ಕನ್ಫರ್ಮ್ ಆಗುವುದಿಲ್ಲ. ಈಗಾಗಲೇ ಮುಂಗಡ ಕೊಟ್ಟಿದ್ದರೆ ಇವತ್ತೇ ಪಿಎನ್‌ಆರ್ ಕೇಳಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಅದರ ಸ್ಥಿತಿ ತಿಳಿದುಕೊಳ್ಳಿ. ಟಿಕೆಟ್‌ನಲ್ಲಿ ನಿಮ್ಮದೇ ಹೆಸರು, ವಯಸ್ಸು ಇದೆಯೇ ನೋಡಿ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಎರಡು ಪಿಎನ್‌ಆರ್ ಬೇಕು. ‘ಸ್ಟೇಷನ್ನಲ್ಲಿ ಕೊಡ್ತೀವಿ’ ಎಂದರೆ ಉಳಿದ ಅರ್ಧ ದುಡ್ಡು ಕೊಡಬೇಡಿ.